ಊರಿಗೆ ಬಂದವಳು

ಮಂಗಳೂರು ಹಂಚಿನ ಮಾಡಿನ ಕೆಳಗೆ ಹುಟ್ಟಿ ಬೆಳೆದವರಿಗೆ ಬಾಸೆಲ್ ಮಿಷನ್ ಎಂಬ ಹೆಸರನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆಯ ಮೂವರು ಪಾದ್ರಿಗಳು 1834ರ ಅಕ್ಟೋಬರ್ ಕೊನೆಗೆ ಮಂಗಳೂರಿನಲ್ಲಿ ಇಳಿದರು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಬಂತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಹೊರಟಿತು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆಯಿತು. 1894ರಲ್ಲಿ ಫರ್ಡಿನೆಂಡ್ ಕಿಟ್ಟೆಲ್ ಅವರ ಎಪ್ಪತ್ತು ಸಾವಿರದಷ್ಟು ಪದಗಳ ನಿಘಂಟು ಅಚ್ಚಾಯಿತು. ಇಷ್ಟನ್ನು ಹೈಸ್ಕೂಲಿನ ಮಕ್ಕಳೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಗೆ ಇದು ಧಾರಾಳವಾಯಿತು.

ಈ ಪಟ್ಟಿಯಲ್ಲಿ ಒಂದಾದರೂ ಹೆಣ್ಣಿನ ಹೆಸರಿಲ್ಲ ಎಂಬುದು ನನಗೂ ಬಹಳ ವರ್ಷ ಹೊಳೆದಿರಲಿಲ್ಲ. ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ಕಿಟ್ಟೆಲ್ ಅವರ ವಿಷಯ ಹೇಳುತ್ತಿದ್ದೆ. ಹಗಲು ರಾತ್ರಿ ಕುಳಿತು ಪದ ಸಂಗ್ರಹಿಸಿದರು, ಕಣ್ಣು ಹಾಳುಮಾಡಿಕೊಂಡರು ಎಂದು ಸ್ವಲ್ಪ ಭಾವುಕಳಾಗಿಯೇ ವರ್ಣಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಅವರಿಗೆ ಊಟ ಯಾರು ಬಡಿಸ್ತಿದ್ರು?" ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆ ಹುಡುಗಿ ಮಾತ್ರ ನಗಲಿಲ್ಲ. ತಾಯಿ ಬೀಡಿ ಕಟ್ಟುವ ಮನೆಯಲ್ಲಿ ಎರಡು ಹೊತ್ತಿನ ಅಡುಗೆ ಮಾಡಿಟ್ಟು ಶಾಲೆಗೆ ಬರುತ್ತಿದ್ದ ಹುಡುಗಿ ಅವಳು. ಅವಳ ಪ್ರಶ್ನೆ ತಮಾಷೆಯದ್ದಲ್ಲ ಎಂದು ಮನೆಗೆ ಹೋಗುವಾಗ ಬಸ್ಸಿನಲ್ಲಿ ಅನ್ನಿಸಿತು. ಅಂದಿನಿಂದ ಬಿಡುವಾದಾಗಲೆಲ್ಲ ಆ ಬಂಗಲೆಗಳ ಒಳಮನೆಯಲ್ಲಿ ಇದ್ದವರು ಯಾರು ಎಂದು ಹುಡುಕಿ ಓದುತ್ತ ಬಂದಿದ್ದೇನೆ. ಅದರಲ್ಲೂ ಜೀವಮಾನವಿಡೀ ಇಲ್ಲಿ ಉಳಿಯದೆ ಮೂರು ವರ್ಷ, ನಾಲ್ಕು ವರ್ಷ ಇದ್ದು ಹೋದವರ ಕಥೆ ನನ್ನನ್ನು ಹೆಚ್ಚು ಹಿಡಿದಿದೆ. ಹೋದವರು ಎಂದರೆ ಕೆಲವರು ಊರಿಗೆ ಹೋದರು, ಕೆಲವರು ಇಲ್ಲಿನ ಮಣ್ಣಿಗೇ ಹೋದರು.

ಆ ಹೆಂಗಸರು ಬಂದದ್ದೇ ಒಂದು ವಿಚಿತ್ರ ರೀತಿಯಲ್ಲಿ. ಬಾಸೆಲ್ ಮಿಷನ್ನಿನ ತರುಣ ಪಾದ್ರಿ ಮದುವೆಯಾಗಿ ಹೆಂಡತಿಯನ್ನು ಕರೆದುಕೊಂಡು ಹಡಗು ಹತ್ತುವಂತಿರಲಿಲ್ಲ. ಒಬ್ಬನೇ ಬರಬೇಕು, ಕನಿಷ್ಠ ಎರಡು ವರ್ಷ ಕೆಲಸ ಮಾಡಿ, ಭಾಷೆ ಕಲಿತು, ಇಲ್ಲಿನ ಹವೆಗೆ ಬಾಳುತ್ತೇನೆ ಎಂದು ತೋರಿಸಬೇಕು. ಆಮೇಲೆ ಬಾಸೆಲ್ಲಿನ ಕಮಿಟಿಗೆ ಮದುವೆಗೆ ಅಪ್ಪಣೆ ಕೇಳಿ ಕಾಗದ ಬರೆಯಬೇಕು. ಎಷ್ಟೋ ಸಲ ಹೆಣ್ಣು ಹುಡುಕುವವರೂ ಅಲ್ಲಿನ ಹಿರಿಯರೇ. ಊರ ಪಾದ್ರಿ, ಪರಿಚಯದ ಮನೆಯವರು, ಯಾರದೋ ಅಕ್ಕ ಎಂದು ವಿಚಾರಿಸಿ, ಹುಡುಗಿಯ ನಡತೆ, ಆರೋಗ್ಯ, ಮನೆತನ ನೋಡಿ, "ಇಂಥ ಊರಿನಲ್ಲಿ ಇಂಥವರು ಇದ್ದಾರೆ, ಹೋಗುತ್ತೀಯಾ?" ಎಂದು ಕೇಳುತ್ತಿದ್ದರು. ಹುಡುಗಿ ಬೇಡ ಎನ್ನಬಹುದಿತ್ತು. ಹೂಂ ಎಂದವಳು ಮುಖವನ್ನೇ ಸರಿಯಾಗಿ ಕಾಣದ ಗಂಡನಿಗಾಗಿ ಸಮುದ್ರ ದಾಟಿ ಬರುತ್ತಿದ್ದಳು. ಹಡಗಿನಿಂದ ಇಳಿದ ಕೆಲವೇ ದಿನಗಳಲ್ಲಿ ಮದುವೆ.

ಓದುತ್ತ ಹೋದಂತೆ ನನಗೆ ಇದು ಅಷ್ಟೇನೂ ಪರದೇಶದ್ದು ಅನ್ನಿಸಲಿಲ್ಲ. ನನ್ನ ಅಜ್ಜಿ ಅಜ್ಜನ ಮುಖವನ್ನು ಮೊದಲು ಕಂಡದ್ದು ಧಾರೆಯ ದಿನವೇ ಅಂತೆ. ಅದೂ ಅರ್ಧ! ಆದರೆ ಅಜ್ಜಿಯ ತವರು ಎರಡು ಹೊಳೆ ದಾಟಿದರೆ ಸಿಗುತ್ತಿತ್ತು. ಆಟಿ ತಿಂಗಳಿಗೆ ತವರಿಗೆ ಹೋಗಿ ತಾಯಿಯ ಪಕ್ಕ ಮಲಗಿ ಅತ್ತು ಹಗುರಾಗಿ ಬರಬಹುದಿತ್ತು. ಈ ಹೆಂಗಸರಿಗೆ ತವರೆಂದರೆ ಆಫ್ರಿಕಾ ಸುತ್ತಿದರೆ ನಾಲ್ಕೈದು ತಿಂಗಳ ದಾರಿ. ಈಜಿಪ್ಟಿನ ನೆಲದಾರಿಯಾಗಿ ಬಂದರೂ ಒಂದೂವರೆ ಎರಡು ತಿಂಗಳು ಬೇಕು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಬಂದವಳು ತಾಯಿಗೆ ಒಂದು ಪ್ರಶ್ನೆ ಬರೆದು ಕೇಳಿದರೆ ಉತ್ತರ ಬರುವಷ್ಟರಲ್ಲಿ ಪ್ರಶ್ನೆಯೇ ಹಳತಾಗಿರುತ್ತಿತ್ತು. ಬಸುರಿಯಾದ ಸುದ್ದಿ ಅಲ್ಲಿಗೆ ತಲುಪಿ ಹಾರೈಕೆ ಹಿಂತಿರುಗುವಾಗ ಮಗು ಹುಟ್ಟುವ ತಿಂಗಳೇ ಬಂದಿರಬಹುದು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎನ್ನುತ್ತೇವೆ. ಇವರು ಖಂಡಕ್ಕೇ ಹೊರಗಾದವರು.

ಕಮಿಟಿಯ ಇನ್ನೊಂದು ಕಟ್ಟಳೆ ನನ್ನ ಕರುಳಿಗೇ ತಾಗಿತು. ಇಲ್ಲಿ ಹುಟ್ಟಿದ ಮಕ್ಕಳು ಶಾಲೆಯ ವಯಸ್ಸಿಗೆ ಬಂದೊಡನೆ ಅವರನ್ನು ಯೂರೋಪಿಗೆ ಕಳಿಸಿಬಿಡಬೇಕು. ಹವೆ ಮಕ್ಕಳಿಗೆ ಒಗ್ಗುವುದಿಲ್ಲ, ಒಳ್ಳೆಯ ಶಾಲೆಯಿಲ್ಲ, ಇಲ್ಲಿನವರ ನಡುವೆ ಬೆಳೆದರೆ ಕೆಟ್ಟುಹೋಗುತ್ತಾರೆ ಎಂಬ ಭಯ. ಅಂಥ ಮಕ್ಕಳಿಗಾಗಿ 1850ರ ದಶಕದಲ್ಲಿ ಬಾಸೆಲ್ಲಿನಲ್ಲಿ 'ಮಕ್ಕಳ ಮನೆ' ಎಂದೇ ಒಂದು ವ್ಯವಸ್ಥೆಯಾಯಿತು. ಆರು ಏಳು ವರ್ಷದ ಮಕ್ಕಳು ಪರಿಚಯದವರ ಕೈಹಿಡಿದು ಹಡಗು ಹತ್ತುತ್ತಿದ್ದವು. ತಾಯಂದಿರು ದಡದಲ್ಲಿ ನಿಲ್ಲುತ್ತಿದ್ದರು. ಇಷ್ಟು ಮಾಡಿ ಆ ತಾಯಿ ಇಲ್ಲಿ ನೋಡಿಕೊಳ್ಳುತ್ತಿದ್ದದ್ದು ಯಾರನ್ನು? ಮಿಷನ್ನಿನ ಹಾಸ್ಟೆಲ್ಲಿನಲ್ಲಿದ್ದ ನಮ್ಮೂರ ಹೆಣ್ಣುಮಕ್ಕಳನ್ನು. ತನ್ನ ಮಗುವಿನ ತಲೆ ಬಾಚುವವರು ಯಾರೋ, ತಾನು ಬಾಚುವ ತಲೆ ಯಾರದೋ.

ಈ ಕಟ್ಟಳೆ ಬರುವುದಕ್ಕೆ ಮೊದಲೇ ಅದನ್ನು ಅನುಭವಿಸಿದ ಒಬ್ಬ ಹುಡುಗಿಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅವಳ ತಾಯಿ ಜೂಲಿ ದ್ಯುಬುವಾ, ಫ್ರೆಂಚ್ ಮಾತನಾಡುವ ಸ್ವಿಟ್ಜರ್ಲೆಂಡಿನವಳು. 1836ರಲ್ಲಿ ಒಂದು ಮಿಷನರಿ ತಂಡದ ಜೊತೆ ಮದರಾಸಿಗೆ ಬಂದಳು. ಅದೇ ಹಡಗಿನಲ್ಲಿ ಬಂದ ಹರ್ಮನ್ ಗುಂಡರ್ಟ್ ಎಂಬ ಜರ್ಮನ್ ವಿದ್ವಾಂಸನನ್ನು 1838ರಲ್ಲಿ ಮದುವೆಯಾದಳು. ಇಬ್ಬರೂ ಮಂಗಳೂರಿಗೆ ಬಂದು ಬಾಸೆಲ್ ಮಿಷನ್ ಸೇರಿ, ಮರುವರ್ಷ ತಲಶ್ಶೇರಿಗೆ ಹೋದರು. ಮಲೆಯಾಳಕ್ಕೆ ಗುಂಡರ್ಟ್ ಎಂದರೆ ನಮಗೆ ಕಿಟ್ಟೆಲ್ ಇದ್ದಂತೆ. 1872ರಲ್ಲಿ ಬಂದ ಅವರ ಮಲೆಯಾಳ ನಿಘಂಟನ್ನು ಅಲ್ಲಿನವರು ಇಂದಿಗೂ ನೆನೆಯುತ್ತಾರೆ. ಜೂಲಿ ತಲಶ್ಶೇರಿಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದಳು. ಗಂಡುಮಕ್ಕಳ ಸಾಲಿನ ನಡುವೆ ಇವರಿಗೆ ಹುಟ್ಟಿದ ಒಬ್ಬಳೇ ಮಗಳು ಮೇರಿ. ಹುಟ್ಟಿದ್ದು 1842ರ ಅಕ್ಟೋಬರ್ 18.

ಮೇರಿಯ ಬಾಯಲ್ಲಿ ಮೊದಲು ಆಡಿದ್ದು ಮಲೆಯಾಳದ ಮಾತು. ಅವಳಿಗೆ ನಾಲ್ಕು ವರ್ಷದ ಆಸುಪಾಸಿನಲ್ಲಿ ತಂದೆತಾಯಿ ರಜೆಯ ಮೇಲೆ ಯೂರೋಪಿಗೆ ಹೋದವರು ಅವಳನ್ನು ಅಲ್ಲಿಯೇ ಬಿಟ್ಟು ಹಿಂತಿರುಗಿದರು. ಪರಿಚಯದವರ ಮನೆಯಲ್ಲಿ, ಆಮೇಲೆ ಹಾಸ್ಟೆಲ್ಲಿನಲ್ಲಿ ಬೆಳೆದಳು. ಕಟ್ಟುನಿಟ್ಟಿನ ಧಾರ್ಮಿಕ ಶಿಸ್ತಿನ ನಡುವೆ ಹುರುಪಿನ ಹುಡುಗಿ. ಕವಿತೆ ಎಂದರೆ ಪ್ರಾಣ, ಗೆಳತಿಯರೆಂದರೆ ಪ್ರಾಣ. ಹತ್ತು ಹನ್ನೊಂದು ವರ್ಷ ತಾಯಿಯ ಮುಖವನ್ನು ಕಾಣಲಿಲ್ಲ. 1857ರ ಕೊನೆಗೆ, ಹದಿನೈದು ತುಂಬಿದವಳನ್ನು ತಂದೆತಾಯಿ ಭಾರತಕ್ಕೆ ಕರೆಸಿಕೊಂಡರು. ಉತ್ತರ ಭಾರತದಲ್ಲಿ ದಂಗೆಯ ಬೆಂಕಿ ಇನ್ನೂ ಆರಿರಲಿಲ್ಲ. ಆ ವರ್ಷವೇ ಗುಂಡರ್ಟ್ ಅವರಿಗೆ ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಶಾಲಾ ಇನ್ಸ್‌ಪೆಕ್ಟರ್ ಕೆಲಸ ಸಿಕ್ಕಿತ್ತು. ಆಗ ನಮ್ಮ ಕರಾವಳಿ ಮದರಾಸು ಸರಕಾರದ ಕೆಳಗೆ ಇತ್ತೆಂಬುದು ನಿಮಗೆ ನೆನಪಿರಬಹುದು.

ಹದಿನೈದರ ಹುಡುಗಿ, ಎರಡು ತಿಂಗಳ ಹಡಗು! ಹಡಗಿನಲ್ಲಿ ಒಬ್ಬ ಇಂಗ್ಲಿಷ್ ತರುಣನ ಪರಿಚಯವಾಯಿತು. ಪರಿಚಯ ಪ್ರೀತಿಯಾಯಿತು. ಅವನು ಮದುವೆಯ ಪ್ರಸ್ತಾಪವನ್ನು ಅವಳ ತಂದೆಯ ಮುಂದಿಟ್ಟ. ತಂದೆ ಒಪ್ಪಲಿಲ್ಲ. ಅಷ್ಟೇ ಕಥೆ. ನಮ್ಮ ಕಡೆ ಇಂಥ ಕಥೆಯ ಮುಂದಿನ ಭಾಗ ಹೇಗಿರುತ್ತದೆಂದು ನಿಮಗೆ ಗೊತ್ತು. ಹುಡುಗಿ ಊಟ ಬಿಡುತ್ತಾಳೆ, ಅಳುತ್ತಾಳೆ, ಕೊನೆಗೆ ದೇವರಿಗೆ ಶರಣಾಗುತ್ತಾಳೆ. ಮೇರಿಯೂ ಬಹಳ ಒದ್ದಾಡಿ ಕೊನೆಗೆ ದೇವರ ಕೆಲಸವೇ ತನ್ನ ಕೆಲಸವೆಂದು ನಿಶ್ಚಯಿಸಿದಳು. ಅವಳ ಕಾಗದಗಳೂ ದಿನಚರಿಯೂ ಉಳಿದಿವೆ. ಅವಳ ಮಗಳು ಅವನ್ನು ಸೇರಿಸಿ 1934ರಲ್ಲಿ ಪುಸ್ತಕ ಮಾಡಿದ್ದರಿಂದ ಇಷ್ಟು ನಮಗೆ ತಿಳಿದಿದೆ. ತಂದೆಯನ್ನು ಇವಳು ಕೊನೆಯವರೆಗೂ ಪ್ರೀತಿಸಿದಳು, ಗೌರವಿಸಿದಳು. ಆದರೂ ಹನ್ನೊಂದು ವರ್ಷ ದೂರವಿದ್ದು ಈಗಷ್ಟೇ ಗುರುತು ಹಿಡಿಯಬೇಕಾದ ಅಪ್ಪ ಅಮ್ಮ, ಅವರು ಆಡಿದ ಮೊದಲ ದೊಡ್ಡ ಮಾತೇ 'ಕೂಡದು' ಎಂದಾದರೆ ಹುಡುಗಿಯ ಎದೆಯಲ್ಲಿ ಏನಾಗಿರಬಹುದು ಎಂದು ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ನನಗೆ ಊಹಿಸುವುದು ಕಷ್ಟವಲ್ಲ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಅತ್ತರೂ ಬೆಳಗಾದರೆ ಕೆಲಸ ಕಾದಿರುತ್ತಿತ್ತು. ಮೇರಿ ತಾಯಿಯ ಜೊತೆ ಹೆಣ್ಣುಮಕ್ಕಳ ಶಾಲೆಯ ಕೆಲಸಕ್ಕೆ ನಿಂತಳು. ಮಿಷನ್ ಬಂಗಲೆಯ ದಿನವೆಂದರೆ ಗಂಟೆಯ ದಿನ. ಬೆಳಗ್ಗೆ ಬಿಸಿಲೇರುವ ಮುನ್ನ ಎದ್ದು ಪ್ರಾರ್ಥನೆ, ಮನೆಮಂದಿ, ಆಳುಕಾಳು, ಹಾಸ್ಟೆಲ್ ಮಕ್ಕಳು ಎಲ್ಲ ಸೇರಿ. ಆಮೇಲೆ ಓದು, ಬರಹ, ಲೆಕ್ಕ, ಬೈಬಲ್ ಪಾಠ. ಮಧ್ಯಾಹ್ನ ಹೊಲಿಗೆ, ಹೆಣಿಗೆ. ಸಂಜೆ ರೋಗಿಗಳನ್ನು ನೋಡಲು ಕೇರಿಗೆ ಹೋಗುವುದು, ರಾತ್ರಿ ದೀಪದ ಮುಂದೆ ಕಾಗದ ಬರೆಯುವುದು. ಪಾದ್ರಿಗೆ ಸಂಬಳ ಮಿತವಾದದ್ದು, ಸ್ವಂತ ವ್ಯಾಪಾರ ಮಾಡುವಂತಿಲ್ಲ. ಆದ್ದರಿಂದ ಹರಿದ ಬಟ್ಟೆಗೆ ತೇಪೆ ಹಾಕುವುದರಿಂದ ಹಿಡಿದು ಬಂದುಹೋಗುವ ಸಹೋದರ ಪಾದ್ರಿಗಳಿಗೆ ಮಂಚ, ಊಟ ಒದಗಿಸುವವರೆಗೆ ಎಲ್ಲ ಲೆಕ್ಕವೂ ಹೆಂಗಸಿನ ತಲೆಯ ಮೇಲೆ. ಕಮಿಟಿಯ ವರದಿಯಲ್ಲಿ ಮಾತ್ರ ಗಂಡನ ಹೆಸರು ಇರುತ್ತಿತ್ತು.

ಇನ್ನು ಮಳೆಗಾಲ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಕಡಲಿಗೆ ಹಡಗು ಬರುವುದೇ ಕಷ್ಟ. ಚರ್ಮದ ಬೂಟಿಗೆ, ಪುಸ್ತಕದ ರಟ್ಟಿಗೆ, ಪೆಟ್ಟಿಗೆಯೊಳಗಿನ ಉಣ್ಣೆಯ ಬಟ್ಟೆಗೆ ಬೂಷ್ಟು. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದೆ ಮುಗ್ಗಲು ವಾಸನೆ. ಸೆಕೆಯಲ್ಲೂ ಉದ್ದ ತೋಳು, ಬಿಗಿ ಕುಪ್ಪಸ, ನೆಲ ಸವರುವ ಲಂಗ ತೊಡುವ ಮರ್ಯಾದೆ ಬೇರೆ. ಇವತ್ತು ಫ್ಯಾನಿನ ಕೆಳಗೆ ಕೂತು ಕರೆಂಟ್ ಹೋಯಿತೆಂದು ನಾವು ಸಿಡಿಮಿಡಿಗೊಳ್ಳುವಾಗ ನನಗೆ ಆ ಲಂಗ ನೆನಪಾಗುತ್ತದೆ.

ಇಂಥ ದಿನಗಳಲ್ಲಿ ಆ ಹೆಂಗಸರಿಗೆ ಸ್ನೇಹಿತರು ಯಾರು? ಮೊದಲನೆಯದಾಗಿ ಅವರವರೇ. ಒಂದು ಮಿಷನ್ ಊರಿನಿಂದ ಇನ್ನೊಂದಕ್ಕೆ ಎತ್ತಿನ ಗಾಡಿ, ದೋಣಿ, ಮಂಚಲಿನ ದಾರಿ. ಹೆರಿಗೆಗೆ ಒಬ್ಬರಿಗೊಬ್ಬರು, ಮಗು ಸತ್ತರೆ ಒಬ್ಬರಿಗೊಬ್ಬರು. ಅಕ್ಕತಂಗಿಯರಲ್ಲದವರು ಇಲ್ಲಿ ಬಂದು ಅಕ್ಕತಂಗಿಯರಾದರು. ಎರಡನೆಯದಾಗಿ, ಮನೆಯೊಳಗೆ ಬಂದುಹೋಗುವ ನಮ್ಮ ಹೆಂಗಸರು, ಮಕ್ಕಳನ್ನೆತ್ತುವ ಆಯಾ, ಹಾಸ್ಟೆಲ್ಲಿನ ಹುಡುಗಿಯರು. ಭಾಷೆ ಕಲಿಸಲು ಪಾದ್ರಿಗೆ ಮುನ್ಶಿ ಇರುತ್ತಿದ್ದ. ಹೆಂಡತಿಗೆ ಅಡುಗೆಮನೆಯೇ ಮುನ್ಶಿ. ಅದರಲ್ಲೂ ಮಂಗಳೂರಿನಲ್ಲಿ ಬೀದಿಗೆ ತುಳು, ಮೀನಿಗೆ ಕೊಂಕಣಿ, ಪುಸ್ತಕಕ್ಕೆ ಕನ್ನಡ ಎಂಬ ಸ್ಥಿತಿ. ಯಾವುದನ್ನು ಮೊದಲು ಕಲಿಯಬೇಕು ಹೇಳಿ!

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಒಬ್ಬಳು ದೊರೆಸಾನಿ, ಇನ್ನೊಬ್ಬಳು ಅವಳ ಅನ್ನ ಉಣ್ಣುವವಳು. ಇಂಥ ಇಬ್ಬರ ನಡುವೆ ಆಗುವುದನ್ನು ಸ್ನೇಹ ಎನ್ನಬಹುದೇ? ಮೇಲಾಗಿ ಅವರು ಬಂದದ್ದೇ ನಮ್ಮವರ ಮನಸ್ಸು ತಿರುಗಿಸಲು. ಮನಸ್ಸು ಗೆಲ್ಲುವುದೇ ಕೆಲಸವಾದಾಗ ಕೆಲಸ ಎಲ್ಲಿ ಮುಗಿಯಿತು, ಪ್ರೀತಿ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಹೇಗೆ? 1844ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಮತ ಬದಲಿಸಿದಾಗ ಊರೆಲ್ಲ ಗದ್ದಲವೆದ್ದಿತು. ಹಾಗೆ ಹೋದವನ ಮನೆಯಲ್ಲಿ ತಾಯಿ ಇರುತ್ತಾಳೆ, ಹೆಂಡತಿ ಇರುತ್ತಾಳೆ. ಮಿಷನ್ ಬಂಗಲೆಯಲ್ಲಿ ಕೂಡಿದ್ದ ಪ್ರತಿಯೊಂದು ಹೊಸ ಸಂಸಾರದ ಹಿಂದೆ ಮುರಿದ ಒಂದು ಹಳೆಯ ಸಂಸಾರವೂ ಇತ್ತು. ಇನ್ನೊಂದು ಕಡೆಯಿಂದ ನೋಡಿದರೆ, ಊರ ಬಾವಿಯ ಹತ್ತಿರವೇ ಸುಳಿಯುವಂತಿಲ್ಲದ ಜಾತಿಯ ಹುಡುಗಿ ಅದೇ ಕಾಂಪೌಂಡಿನಲ್ಲಿ ಸ್ಲೇಟು ಹಿಡಿದು ಅಕ್ಷರ ತಿದ್ದುತ್ತಿದ್ದಳು, ಅವಳಿಗೆ ಜ್ವರ ಬಂದರೆ ಪಕ್ಕದಲ್ಲಿ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುವ ಕೈ ಇತ್ತು. ಎರಡೂ ನಿಜ. ಒಂದನ್ನು ಹೇಳುವಾಗ ಇನ್ನೊಂದನ್ನು ನುಂಗಿಬಿಡಬಾರದು ಎಂದಷ್ಟೇ ನನ್ನ ಅಭಿಪ್ರಾಯ.

ಕೌಂಡಿನ್ಯರ ಹೆಸರು ಬಂದದ್ದರಿಂದ ಸಮುದ್ರವನ್ನು ಆ ಕಡೆಗೆ ದಾಟಿದವರ ಮಾತನ್ನೂ ಹೇಳಿಬಿಡುತ್ತೇನೆ. 1846ರಲ್ಲಿ ಮೊಗ್ಲಿಂಗ್ ಆ ತರುಣನನ್ನು ತಮ್ಮ ಜೊತೆ ಯೂರೋಪಿಗೆ ಕರೆದುಕೊಂಡು ಹೋದರು. ಸಮುದ್ರ ದಾಟಿದರೆ ಜಾತಿ ಹೋಗುತ್ತದೆ ಎನ್ನುವ ಕಾಲ. ಈತನದು ಅದಾಗಲೇ ಹೋಗಿತ್ತು! ಅಕ್ಕಿ ಗಂಜಿಯ ಊರಿನ ಹುಡುಗ ಬಾಸೆಲ್ಲಿನ ಹಿಮದಲ್ಲಿ ಐದು ವರ್ಷ ಕಳೆದು, ಜರ್ಮನ್ ಕಲಿತು, ಅಲ್ಲಿನ ಹುಡುಗರ ಜೊತೆ ಬೆಂಚು ಹಂಚಿಕೊಂಡು, 1851ರಲ್ಲಿ ಪಾದ್ರಿ ದೀಕ್ಷೆ ಪಡೆದು ಹಿಂತಿರುಗಿದ. ಬಾಸೆಲ್ ಮಿಷನ್ನಿನ ಮೊದಲ ಭಾರತೀಯ ಮಿಷನರಿ ಅವರೇ. ಮುಂದೆ 1860ರಲ್ಲಿ ಮೇರಿ ರೈನ್‌ಹಾರ್ಟ್ ಎಂಬ ಜರ್ಮನ್ ಯುವತಿ ಅವರನ್ನು ಮದುವೆಯಾಗಲು ಒಪ್ಪಿ ಬಂದಳು. ಬಿಳಿಯ ಹೆಣ್ಣು ಕರಿಯ ಗಂಡಿನ ಕೈ ಹಿಡಿಯುವುದನ್ನು ಆಳುವ ಇಂಗ್ಲಿಷರು ಸಹಿಸದ ದಿನಗಳು. ದಂಗೆ ಮುಗಿದು ಎರಡೇ ವರ್ಷ. ಕೊಡಗಿನ ಆನಂದಪುರದಲ್ಲಿ ಸಂಸಾರ ಹೂಡಿದ ಈ ಮೇರಿಯ ಧೈರ್ಯದ ಬಗ್ಗೆ ನಮ್ಮಲ್ಲಿ ಯಾರಾದರೂ ಒಂದು ಕಾದಂಬರಿ ಬರೆಯಬಾರದೇ ಅನ್ನಿಸುತ್ತದೆ.

ಮೊಗ್ಲಿಂಗ್ ಅವರಿಗೆ ಗಾಟ್‌ಫ್ರೀಡ್ ವೈಗ್ಲೆ ಎಂಬ ಆಪ್ತ ಗೆಳೆಯರಿದ್ದರು. ಕನ್ನಡ ಬೈಬಲ್ಲಿನ ಅನುವಾದಕ್ಕಾಗಿ ದುಡಿದು 1855ರಲ್ಲಿ ತೀರಿಕೊಂಡರು. ಅವರ ಹೆಂಡತಿ ಪೌಲಿನ್, ಮಕ್ಕಳ ತಾಯಿ, ಪರದೇಶದಲ್ಲಿ ವಿಧವೆಯಾದಳು. ಅಲ್ಲಿಯವರೆಗೂ ಬ್ರಹ್ಮಚಾರಿಯಾಗಿದ್ದ, ನಲವತ್ತು ದಾಟಿದ ಮೊಗ್ಲಿಂಗ್ ಗೆಳೆಯನ ವಿಧವೆಯನ್ನು ಮದುವೆಯಾದರು. ನಮ್ಮ ದೇಶದಲ್ಲಿ ವಿಧವಾ ವಿವಾಹಕ್ಕೆ ಕಾಯಿದೆಯ ಒಪ್ಪಿಗೆ ಸಿಕ್ಕಿದ್ದು 1856ರಲ್ಲಿ. ಕಾಯಿದೆ ಬಂದರೂ ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸಿದ ಹೆಣ್ಣುಮಕ್ಕಳು ಮತ್ತೆ ಎಪ್ಪತ್ತು ಎಂಬತ್ತು ವರ್ಷ ಅಲ್ಲೇ ಕೂತಿದ್ದರು. ನನ್ನ ಅಜ್ಜಿಯ ಅತ್ತೆ ಅಂಥವರಲ್ಲಿ ಒಬ್ಬರು. ಕೆಂಪು ಸೀರೆಯ ಅವರು ಕದದ ಸಂದಿಯಿಂದ ದೊರೆಸಾನಿಯ ಮರುಮದುವೆಯ ಸುದ್ದಿ ಕೇಳಿದ್ದರೆ ಏನೆನ್ನುತ್ತಿದ್ದರೋ!

ಈಗ ಕಿಟ್ಟೆಲ್ ಅವರ ಊಟದ ವಿಷಯಕ್ಕೆ ಬರುತ್ತೇನೆ. ಅವರು ಭಾರತಕ್ಕೆ ಬಂದದ್ದು 1853ರಲ್ಲಿ. 1860ರಲ್ಲಿ ಪೌಲಿನ್ ಐತ್ ಎಂಬ ಹುಡುಗಿ ಅವರನ್ನು ಮದುವೆಯಾದಳು. 1864ರಲ್ಲಿ ತೀರಿಕೊಂಡಳು. ನಾಲ್ಕೇ ವರ್ಷ. ಕಿಟ್ಟೆಲ್ ರಜೆಯ ಮೇಲೆ ಊರಿಗೆ ಹೋದಾಗ 1867ರಲ್ಲಿ ಅವಳ ತಂಗಿ ಜೂಲಿಯನ್ನು ಮದುವೆಯಾದರು. ಅಕ್ಕ ಸತ್ತ ಮನೆಗೆ ತಂಗಿಯನ್ನು ಕೊಡುವುದು, ಮಕ್ಕಳಿಗೆ ಚಿಕ್ಕಮ್ಮನೇ ಅಮ್ಮನಾಗಲಿ ಎನ್ನುವುದು ನಮ್ಮಲ್ಲಿ ಮಾತ್ರ ಇರುವ ಪದ್ಧತಿ ಎಂದುಕೊಂಡಿದ್ದೆ. ನಿಘಂಟು ಮುಗಿದದ್ದು ಪೌಲಿನ್ ತೀರಿಕೊಂಡು ಮೂವತ್ತು ವರ್ಷಕ್ಕೆ. ಈಗ ನಾನು ತರಗತಿಯಲ್ಲಿ ಈ ಇಬ್ಬರು ಅಕ್ಕತಂಗಿಯರ ಹೆಸರನ್ನು ಕರಿಹಲಗೆಯ ಮೇಲೆ ನಿಘಂಟಿನ ಇಸವಿಯ ಪಕ್ಕದಲ್ಲೇ ಬರೆಯುತ್ತೇನೆ. ಪರೀಕ್ಷೆಗೆ ಬರುವುದಿಲ್ಲ ಎಂದು ಮಕ್ಕಳಿಗೆ ಗೊತ್ತು. ಆದರೂ ಬರೆದುಕೊಳ್ಳುತ್ತಾರೆ.

ಮೇರಿ ಗುಂಡರ್ಟಳ ಮುಂದಿನ ಕಥೆ? ತಂದೆ ಕಾಯಿಲೆಯಿಂದ 1859ರಲ್ಲಿ ಯೂರೋಪಿಗೆ ಹಿಂತಿರುಗಿದರು. ಮರುವರ್ಷ ತಾಯಿ ಮಗಳೂ ಹೋದರು. ಅಲ್ಲಿಗೆ ಅವಳ ಕರಾವಳಿಯ ವಾಸ ಎರಡೂವರೆ ವರ್ಷಕ್ಕೆ ಮುಗಿಯಿತು. ಆದರೆ ಭಾರತ ಅವಳನ್ನು ಬಿಡಲಿಲ್ಲ. 1865ರಲ್ಲಿ ಚಾರ್ಲ್ಸ್ ಇಸೆನ್‌ಬರ್ಗ್ ಎಂಬ ಮಿಷನರಿಯನ್ನು ಮದುವೆಯಾಗಿ ಸಿಂಧ್ ಪ್ರಾಂತದ ಹೈದರಾಬಾದಿಗೆ ಬಂದಳು. ಎರಡು ಗಂಡುಮಕ್ಕಳಾದವು. ಗಂಡನ ಕಾಯಿಲೆ ಹೆಚ್ಚಾಗಿ ಊರಿಗೆ ಹಿಂತಿರುಗಿದರು. 1870ರಲ್ಲಿ ಅವನು ತೀರಿಕೊಂಡ. ಇಪ್ಪತ್ತೇಳರ ವಿಧವೆ ಜರ್ಮನಿಯ ಕಾಲ್ವ್ ಎಂಬ ಸಣ್ಣ ಊರಿನಲ್ಲಿದ್ದ ತಂದೆಯ ಮನೆ ಸೇರಿದಳು. ಅಲ್ಲಿಗೆ ತಂದೆಯ ಸಹಾಯಕನಾಗಿ ಬಂದವನು ಯೊಹಾನೆಸ್ ಹೆಸ್ಸೆ. ಅವನೂ 1869ರಲ್ಲಿ ನಮ್ಮ ಕರಾವಳಿಗೆ ಮಿಷನರಿಯಾಗಿ ಬಂದು, ಆರೋಗ್ಯ ಕೆಟ್ಟು, 1873ರಲ್ಲಿ ವಾಪಸಾದವನು. ಒಂದೇ ಕಡಲತೀರವನ್ನು ನೆನಪಿನಲ್ಲಿಟ್ಟುಕೊಂಡಿದ್ದ ಇಬ್ಬರು 1874ರಲ್ಲಿ ಮದುವೆಯಾದರು. ಅವರ ಮಗ 1877ರಲ್ಲಿ ಹುಟ್ಟಿದ ಹೆರ್ಮನ್ ಹೆಸ್ಸೆ. 1922ರಲ್ಲಿ 'ಸಿದ್ಧಾರ್ಥ' ಬರೆದವರು, 1946ರಲ್ಲಿ ನೊಬೆಲ್ ಬಹುಮಾನ ಪಡೆದವರು ಅವರೇ. 1911ರಲ್ಲಿ ಅವರು ಪೂರ್ವದೇಶಕ್ಕೆ ಹೊರಟು ಸಿಲೋನ್, ಸುಮಾತ್ರಾವರೆಗೆ ಬಂದರು. ತಾಯಿ ಹುಟ್ಟಿದ ಮಲಬಾರಿಗೆ ಬರಲೇ ಇಲ್ಲ. ತಾಯಿ 1902ರಲ್ಲೇ ತೀರಿಕೊಂಡಿದ್ದಳು. ಬಂದಿದ್ದರೂ ತೋರಿಸುವವರಿರಲಿಲ್ಲ.

ಜರ್ಮನ್ ಪಾದ್ರಿಗಳ ಕಾಲ 1914ರಲ್ಲಿ ಇದ್ದಕ್ಕಿದ್ದಂತೆ ತುಂಡಾಯಿತು. ಮೊದಲ ಮಹಾಯುದ್ಧ ಶುರುವಾದಾಗ ಅವರು ಶತ್ರುದೇಶದವರಾದರು. ಗಂಡಸರನ್ನು ಹಿಡಿದು ಶಿಬಿರದಲ್ಲಿಟ್ಟರು. ಹೆಂಗಸರು ಮಕ್ಕಳನ್ನು ಹಡಗು ಹತ್ತಿಸಿ ಕಳಿಸಿದರು. ಹಂಚಿನ ಕಾರ್ಖಾನೆ, ನೇಯ್ಗೆಯ ಕಾರ್ಖಾನೆಗಳು ಕೈಬದಲಾದವು. ಶಾಲೆಗಳನ್ನು ಅವರು ಕಲಿಸಿ ಬಿಟ್ಟುಹೋಗಿದ್ದ ನಮ್ಮ ಹೆಂಗಸರೇ ನಡೆಸಿದರು.

ನನ್ನ ಅಜ್ಜಿ ಓದಿದ್ದು 1920ರ ದಶಕದಲ್ಲಿ, ಅಂಥ ಒಂದು ಶಾಲೆಯಲ್ಲಿ, ನಾಲ್ಕನೆಯ ತರಗತಿಯವರೆಗೆ. ಅಷ್ಟು ಹೊತ್ತಿಗೆ ಮದುವೆ ನಿಶ್ಚಯವಾಯಿತು. ಶಾಲೆಯಿಂದ ಅಜ್ಜಿ ತಂದದ್ದು ಎರಡು: ದಿನಸಿ ಚೀಟಿ ಓದುವಷ್ಟು ಕನ್ನಡ, ಮತ್ತು ಕೊಕ್ಕೆ ಸೂಜಿಯಿಂದ ಲೇಸು ಹೆಣೆಯುವ ಕಲೆ. ಕಲಿಸಿದವರು ನಮ್ಮೂರಿನ ಒಬ್ಬ ಕ್ರಿಶ್ಚಿಯನ್ ಟೀಚರ್. ಅವರಿಗೆ ಕಲಿಸಿದವಳು ಯಾರೋ ಜರ್ಮನ್ ಹೆಂಗಸು ಎಂದು ಅಜ್ಜಿ ಹೇಳುತ್ತಿದ್ದರು. ಹೆಸರು ಗೊತ್ತಿರಲಿಲ್ಲ. "ಅಮ್ಮ ಅಂತಲೇ ಕರೀತಿದ್ರಂತೆ ಮಗಾ, ಹೋಗುವಾಗ ಇಬ್ರೂ ಅತ್ತರಂತೆ" ಎನ್ನುತ್ತಿದ್ದರು. ಗಂಡನಿಲ್ಲದೆ ನಾಲ್ಕು ಮಕ್ಕಳನ್ನು ಸಾಕಬೇಕಾಗಿ ಬಂದಾಗ ಅಜ್ಜಿಗೆ ಮೊದಲು ನಾಲ್ಕು ಕಾಸು ತಂದದ್ದು ಆ ಲೇಸು. ಮದುವೆಮನೆಯ ತಟ್ಟೆ ಮುಚ್ಚುವ ಬಟ್ಟೆಗೆ, ತೊಟ್ಟಿಲ ಹೊದಿಕೆಗೆ ಅಂಚು ಹೆಣೆದು ಕೊಟ್ಟು ನನ್ನ ತಾಯಿಯ ಶಾಲೆಯ ಫೀಸು ಕಟ್ಟಿದರು. ನಾನು ಬಿ.ಎ., ಬಿ.ಎಡ್. ಮಾಡಿ ಇಂದು ಇದನ್ನು ಬರೆಯುತ್ತಿದ್ದರೆ ಆ ದಾರದ ಒಂದು ತುದಿ ಯಾವುದೋ ಜರ್ಮನ್ ಹಳ್ಳಿಯಲ್ಲಿ ಇರಬೇಕು. ಆ ದಾರ ಬಂದದ್ದು ಯಾವ ಉದ್ದೇಶದಿಂದ ಎಂದು ಕೇಳುವವರಿದ್ದಾರೆ. ಕೇಳಲಿ, ಕೇಳಬೇಕಾದ್ದೇ. ಅಜ್ಜಿ ಕೊನೆಯವರೆಗೂ ತುಳಸಿಗೆ ನೀರು ಹಾಕಿಯೇ ಕಾಫಿ ಕುಡಿಯುತ್ತಿದ್ದರು, ಮತ್ತು ಆ ಟೀಚರ ಹೆಸರು ಬಂದರೆ ಕೈಮುಗಿಯುತ್ತಿದ್ದರು.

ಮಿಷನ್ನಿನವರು ಬರೆದ ಕಾಗದ, ವರದಿ, ತೆಗೆದ ಫೋಟೋಗಳನ್ನು ಬಾಸೆಲ್ಲಿನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ನಮ್ಮ ಬಲ್ಮಠದ ಹಳೆಯ ಸೆಮಿನರಿಯ ಆವರಣದಲ್ಲಿರುವ ಥಿಯಲಾಜಿಕಲ್ ಕಾಲೇಜಿನಲ್ಲೂ ದಾಖಲೆಗಳಿವೆ. ಈಚೆಗೆ ಅಲ್ಲಿನ ವಿದ್ವಾಂಸೆಯರು ಈ 'ಮಿಷನ್ ಮದುಮಗಳು'ಗಳ ಕಾಗದಗಳನ್ನು ಓದಿ ಪುಸ್ತಕಗಳನ್ನೂ ಬರೆದಿದ್ದಾರೆ. ಆದ್ದರಿಂದ ಬಂದುಹೋದ ಹೆಂಗಸರ ಮಾತು ತಡವಾಗಿಯಾದರೂ ನಮಗೆ ಕೇಳಿಸುತ್ತಿದೆ. ಕೇಳಿಸದಿರುವುದು ಅವರ ಎದುರು ಕೂತಿದ್ದವರ ಮಾತು. ಜಗಲಿಯ ಮೇಲೆ ಕೂತು ಸೂಜಿ ಹಿಡಿಯಲು ಕಲಿತ ಹುಡುಗಿ, ಬೇರೆಯವರ ಮಗುವಿಗೆ ತುಳುವಿನಲ್ಲಿ ಲಾಲಿ ಹಾಡಿದ ಆಯಾ, ದೊರೆಸಾನಿಯ ಹೆರಿಗೆಗೆ ಬಿಸಿನೀರು ಕಾಯಿಸಿದ ಸೂಲಗಿತ್ತಿ. ಅವರು ಕಾಗದ ಬರೆಯಲಿಲ್ಲ. ಫೋಟೋಗಳಲ್ಲಿ ಇದ್ದರೂ ಕೆಳಗೆ ಹೆಸರಿಲ್ಲ. ಅವರಿಗೆ ಈ ಬಿಳಿಯ ಹೆಣ್ಣು ಗೆಳತಿಯಾಗಿ ಕಂಡಳೋ, ಯಜಮಾನಿಯಾಗಿ ಕಂಡಳೋ, ಪಾಪ ತವರಿಲ್ಲದವಳು ಎಂದು ಕಂಡಳೋ, ಹೇಳಬೇಕಾದವರು ಅವರೇ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಎಂಬತ್ತು ತೊಂಬತ್ತು ದಾಟಿದ ಅಜ್ಜಿಯರಿದ್ದರೆ, ಅವರ ತಾಯಿಯೋ ಅಜ್ಜಿಯೋ ಮಿಷನ್ ಶಾಲೆಗೆ, ಮಿಷನ್ ಆಸ್ಪತ್ರೆಗೆ, ನೇಯ್ಗೆಯ ಕಾರ್ಖಾನೆಗೆ ಹೋದವರಾಗಿದ್ದರೆ, ಒಂದು ಸಂಜೆ ಪಕ್ಕದಲ್ಲಿ ಕೂತು ಕೇಳಿ. ಅವರಿಗೆ ಇಸವಿ ಗೊತ್ತಿರುವುದಿಲ್ಲ, ಇಸವಿ ಕೇಳಬೇಡಿ. ಏನು ತಿನ್ನಲು ಕೊಟ್ಟರು, ಹೇಗೆ ಕರೆಯುತ್ತಿದ್ದರು, ಯಾವಾಗ ಬೈದರು, ಹೋಗುವಾಗ ಏನು ಬಿಟ್ಟುಹೋದರು ಎಂದು ಕೇಳಿ. ಮೊಮ್ಮಗಳ ಹಳೆಯ ನೋಟುಪುಸ್ತಕದ ಖಾಲಿ ಹಾಳೆಯಲ್ಲಾದರೂ ಸರಿ, ಬರೆದಿಡಿ.